ಮೂರನೇ ಸಮ್ಮಟಿಗೆ

ನಾಲ್ಕು ಜನ ಸೇರಿ ಕಲ್ಲುಬಾನಿಯನ್ನು ಪಕ್ಕಕ್ಕೆಳೆದರು. ಅದರಡಿಯ ಹಸಿ ಮಣ್ಣು ಕುಸಿಯಿತು. ಮಣ್ಣಿನೊಳಗೆ ಮನುಷ್ಯನ ಕಾಲಿನ ಮೂಳೆ ಕಾಣಿಸಿತು.

ಎಳೆಸಿದ್ದು ಪೊಲೀಸರಲ್ಲ, ನೋ ಎಂಬ ಹೆಂಗಸು. ಜಿಲ್ಲೆಯ ವಸ್ತುಸಂಗ್ರಹಾಲಯದಿಂದ ಬಂದವಳು. ನೊಟ್‌ಗೋಲ್ ಊರಿನ ಜಾಗಟೆ ಕುಲುಮೆಯಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ಒಂದು ಹಳೇ ಚಿತ್ರವಿದೆ. ಯಾವ ರಾಜನ ಕಾಲದ್ದೋ, ರೇಷ್ಮೆ ಹೊಗೆ ಕುಡಿದು ಕಂದಾಗಿದೆ. ನಡುವೆ ಮೇಸ್ತ್ರಿ ಇಕ್ಕಳದಲ್ಲಿ ಕೆಂಪಗೆ ಕಾದ ಕಂಚನ್ನು ಹಿಡಿದು ಕೂತಿದ್ದಾನೆ. ಅವನ ಸುತ್ತ ಮೂವರು ಸಮ್ಮಟಿಗೆಯವರು. ಒಬ್ಬನ ಸಮ್ಮಟಿಗೆ ಮೇಲಿದೆ, ಒಬ್ಬನದು ಇಳಿಯುತ್ತಿದೆ, ಒಬ್ಬನದು ಕಂಚಿನ ಮೇಲಿದೆ. ಮೂಲೆಯಲ್ಲಿ ತಿದಿ ಒತ್ತುವವನು ನಗುತ್ತಿದ್ದಾನೆ. ಮೇಸ್ತ್ರಿಯ ಎಡಕ್ಕೆ, ಕಾದ ಕಂಚನ್ನು ಅದ್ದಿ ತಣಿಸುವ ಉಪ್ಪುನೀರಿನ ಕಲ್ಲುಬಾನಿ.

ಈ ಚಿತ್ರದಂತೆಯೇ ಜೀವಂತ ಮನುಷ್ಯರನ್ನು ನಿಲ್ಲಿಸಿ ಫೋಟೋ ತೆಗೆಯಬೇಕೆಂದು ನೋ ಬಂದಿದ್ದಳು. ಎಲ್ಲ ಸರಿಯಿತ್ತು. ಬಾನಿ ಮಾತ್ರ ಎಡಗಡೆ ಇರಲಿಲ್ಲ, ಹಿಂದಿನ ಗೋಡೆಗೆ ಒತ್ತಿಕೊಂಡಿತ್ತು.

"ಚಿತ್ರದಲ್ಲಿ ಇಲ್ಲಿದೆ. ಇಲ್ಲಿಗೇ ತನ್ನಿ," ಎಂದಳಂತೆ.

ತಂದರು. ಆಮೇಲೆ ನನ್ನನ್ನು ಕರೆಸಿದರು. ನಾನು ಗೊಚಾಂಗ್ ಠಾಣೆಯ ಸಬ್ ಇನ್ಸ್‌ಪೆಕ್ಟರ್, ಹೆಸರು ತಕ್ ಇನ್ಸು. ಬೆಟ್ಟದ ರಸ್ತೆ ಕಂಡರೆ ನನಗಾಗುವುದಿಲ್ಲ, ಫೋಟೋಕ್ಕೆ ನಿಲ್ಲುವ ಜನ ಕಂಡರೆ ಇನ್ನೂ ಆಗುವುದಿಲ್ಲ. ಅವತ್ತು ಎರಡೂ ಒಟ್ಟಿಗೆ ಸಿಕ್ಕಿದ್ದರಿಂದ ಮುಖ ಗಂಟು ಹಾಕಿಕೊಂಡೇ ಜೀಪಿನಿಂದಿಳಿದೆ.

ಕುಲುಮೆಯೊಳಗೆ ನಡು ಮಧ್ಯಾಹ್ನವೂ ಕತ್ತಲು. ಕಾದ ಕಂಚಿನ ಬಣ್ಣ ತಿಳಿಯಬೇಕಲ್ಲ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಒಬ್ಬ ಲಾಂದ್ರ ಹಿಡಿದುಕೊಂಡ. ನಾನು ಗುಂಡಿಗೆ ಇಳಿದೆ.

ತಲೆಬುರುಡೆಯ ಹಿಂಭಾಗ ಒಡೆದಿತ್ತು. ಒಂದೇ ಪೆಟ್ಟು. ಅದು ನನಗೆ ಹೊಸದಲ್ಲ. ಹೊಸದು ಬೇರೆ ಇತ್ತು. ಕಾಲುಗಳು ನೇರವಾಗಿದ್ದವು, ಕೈಗಳು ಮೈಗೆ ಸೇರಿದ್ದವು. ಮೂಳೆಗಳ ಸುತ್ತ ತಾಮ್ರದ ತಂತಿಯ ಕಟ್ಟುಗಳು. ಎಣಿಸಿದೆ. ಏಳು. ನಮ್ಮಲ್ಲಿ ಹೆಣಕ್ಕೆ ಬಟ್ಟೆ ಸುತ್ತಿ ಏಳು ಕಡೆ ಕಟ್ಟುತ್ತಾರೆ. ಬಲಗೈ ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಸಮ್ಮಟಿಗೆ, ಕೈಗೆ ಸಿಗುವ ಹಾಗೆ ಇಟ್ಟದ್ದು.

ಸಮ್ಮಟಿಗೆಯನ್ನು ಮೇಲಕ್ಕೆ ಕೊಟ್ಟೆ. ಕುಲುಮೆಯ ಒಡೆಯ ಪ್ಯೋ ಮೇಸ್ತ್ರಿ ಅದನ್ನು ತಗೊಂಡು ಬಡಿಯುವ ಅಂಚಿನಲ್ಲಿದ್ದ ಕಚ್ಚನ್ನು ಹೆಬ್ಬೆರಳಿನಿಂದ ಸವರಿದರು. ಎಪ್ಪತ್ತು ದಾಟಿದ ಮುದುಕ. ಹಾಗೇ ನೆಲಕ್ಕೆ ಕೂತುಬಿಟ್ಟರು.

"ಇದು ಗಿಲ್ದೋನದು," ಎಂದರು. "ನಮ್ಮ ಮೂರನೇ ಸಮ್ಮಟಿಗೆಯೋನು. ಎಂಟು ವರ್ಷ ಆಯ್ತು, ಊರು ಬಿಟ್ಟು ಓಡಿಹೋದ ಅಂದ್ಕೊಂಡಿದ್ವಿ."

"ಯಾಕೆ ಹಾಗಂದ್ಕೊಂಡ್ರಿ?"

"ಗೋಡೆ ಗೂಟದಲ್ಲಿ ಅವನ ಸಮ್ಮಟಿಗೆ ಇರ್ಲಿಲ್ಲ ಸಾಹೇಬ್ರೆ. ಒಬ್ಬನ ಸಮ್ಮಟಿಗೆ ಇನ್ನೊಬ್ಬ ಮುಟ್ಟೋ ಹಾಗಿಲ್ಲ ಇಲ್ಲಿ. ಹೋಗೋನು ತನ್ನದನ್ನ ತಗೊಂಡೇ ಹೋಗ್ತಾನೆ. ಗೂಟ ಖಾಲಿ ಅಂದ್ರೆ ಹೋದ ಅಂತಾನೇ ಲೆಕ್ಕ."

"ಯಾವಾಗ ಹೋಗಿದ್ದು?"

"ಸುಗ್ಗಿ ಹುಣ್ಣಿಮೆ ಹಬ್ಬದ ಮಾರನೇ ದಿನ."

ಲಾಂದ್ರ ಹಿಡಿದವನು ಅದನ್ನು ಇನ್ನೊಂದು ಕೈಗೆ ಬದಲಾಯಿಸಿದ. ಅವನ ಹೆಸರು ತೇಸಿಕ್, ಆಗಿನ ಎರಡನೇ ಸಮ್ಮಟಿಗೆಯವನು. ಮೂವತ್ತರ ಗಟ್ಟಿಮುಟ್ಟು ಆಳು, ಮೇಸ್ತ್ರಿಯ ನಂತರ ಕುಲುಮೆ ಅವನದೇ ಎಂದು ಊರೆಲ್ಲ ಒಪ್ಪಿತ್ತು. ಕಣ್ಣು ತುಂಬಿಕೊಂಡಿದ್ದ. ಅಲ್ಲಿದ್ದ ಎಲ್ಲರ ಕಣ್ಣೂ ತುಂಬಿತ್ತು, ಅದಕ್ಕೇ ಅವನನ್ನು ಬೇರೆಯಾಗಿ ಗಮನಿಸಲಿಲ್ಲ.

"ಬಾನೀನ ಗೋಡೆ ಹತ್ರಕ್ಕೆ ಸರಿಸಿದ್ದು ಯಾರು?" ಎಂದೆ.

ಮೇಸ್ತ್ರಿ ಗದ್ದ ಎತ್ತಿದರು. "ನಾನೇ. ನನ್ನ ಕುಲುಮೇಲಿ ಇನ್ಯಾರು ಸರಿಸ್ತಾರೆ?"

* * *

ಮೂಳೆ ಬಾನಿಯಡಿ ಇತ್ತು. ಬಾನಿ ಸರಿಸಿದವನು ತಾನೇ ಎಂದು ಒಬ್ಬ ಒಪ್ಪಿಕೊಂಡಿದ್ದ. ಅಷ್ಟಕ್ಕೇ ಬೇಡಿ ಹಾಕುವ ಅಧಿಕಾರಿಗಳೂ ನಮ್ಮಲ್ಲಿದ್ದಾರೆ. ನನಗೆ ಮಾತ್ರ ಆ ಏಳು ಕಟ್ಟಿನ ಅರ್ಥ ಆಗಿರಲಿಲ್ಲ. ಮೇಸ್ತ್ರಿಯನ್ನು ಊರು ಬಿಡಬೇಡಿ ಎಂದು ಹೇಳಿ, ಹಳೇ ಮೊದಲನೇ ಸಮ್ಮಟಿಗೆಯವನನ್ನು ಹುಡುಕಿಕೊಂಡು ಸಂತೆಗೆ ಹೋದೆ.

ಅವನ ಹೆಸರು ಗುಕ್. ಈಗ ಸ್ಟೀಲ್ ಪಾತ್ರೆ ಮಾರುತ್ತಾನೆ. ಕಂಚು ಬಡಿದ ಕೈಯಲ್ಲಿ ಸ್ಟೀಲ್ ಲೋಟಗಳನ್ನು ಉಜ್ಜಿ ಉಜ್ಜಿ ಜೋಡಿಸುತ್ತಿದ್ದ.

"ಒಂದು ತಗೊಳ್ಳಿ ಸಾಹೇಬ್ರೆ. ಕೆಳಗೆ ಬಿದ್ರೂ ಸದ್ದೇ ಬರಲ್ಲ. ಸದ್ದು ಕೇಳಿ ಕೇಳಿ ನಂಗೆ ಸಾಕಾಗಿದೆ."

"ಗಿಲ್ದೋ ಜತೆ ನೀನು ಇದೇ ಸಂತೇಲಿ ಕುತ್ತಿಗೆ ಪಟ್ಟಿ ಹಿಡ್ಕೊಂಡು ಹೊಡೆದಾಡಿದ್ದೆಯಂತೆ."

"ಹೊಡೆದಾಡಿದ್ದೆ. ಒಂದು ಹುಡುಗಿಗೋಸ್ಕರ. ಅವನು ಓಡಿಹೋದ್ಮೇಲೆ ಅವಳನ್ನೇ ಕಟ್ಕೊಂಡೆ." ಗುಕ್ ದನಿ ತಗ್ಗಿಸಿದ. "ಅವಳ ಕೈ ಅಡುಗೆ ತಿಂದು ನೋಡಿ. ಗಿಲ್ದೋ ಬಚಾವಾದ ನನ್ಮಗ, ಎಲ್ಲೋ ಸುಖವಾಗಿದಾನೆ ಅಂತ ದಿನಾ ಹೊಟ್ಟೆ ಉರ್ಕೋತೀನಿ."

"ಅವನು ಬಚಾವಾಗಲಿಲ್ಲ," ಎಂದೆ. ಬಾನಿಯಡಿ ಸಿಕ್ಕಿದ್ದನ್ನು ಹೇಳಿದೆ.

ಗುಕ್‌ನ ಕೈಯಿಂದ ಲೋಟ ಜಾರಿತು. ಸದ್ದು ಚೆನ್ನಾಗಿಯೇ ಬಂತು. ಅವನು ಬಗ್ಗಿ ಎತ್ತಲಿಲ್ಲ.

"ಹಬ್ಬದ ಮಾರನೇ ದಿನ ಎಲ್ಲಿದ್ದೆ?"

"ಹಾಪ್ಚೋನ್‌ನಲ್ಲಿ, ಅಪ್ಪನ ಮನೇಲಿ. ಹಬ್ಬಕ್ಕೆ ಎಲ್ರೂ ಅವರವರ ಊರಿಗೆ ಹೋಗ್ತಾರಲ್ಲ. ಅಜ್ಜನ ಗೋರಿ ಹುಲ್ಲು ಕೊಯ್ಯೋವಾಗ ಕುಡುಗೋಲು ತಾಗಿಸ್ಕೊಂಡು, ಮೂರು ದಿನ ಕಾಲು ಮೇಲೆತ್ಕೊಂಡು ಬಿದ್ದಿದ್ದೆ. ಇಡೀ ಊರೇ ನೋಡಿ ನಕ್ಕಿದೆ, ಕೇಳಿ." ಪ್ಯಾಂಟ್ ಮಡಚಿ ಮೊಣಕಾಲಿನ ಕೆಳಗಿನ ಕಲೆ ತೋರಿಸಿದ. "ಕುಂಟ್ಕೊಂಡು ವಾಪಸ್ ಬಂದಾಗ ಗಿಲ್ದೋ ಇರ್ಲಿಲ್ಲ. ಬಾನಿ ಗೋಡೆ ಪಕ್ಕ ಇತ್ತು. ಮೇಸ್ತ್ರಿ ಸರಿಸಿದ್ದು ಅಂದ್ರು. ಅವರನ್ನ ಯಾಕೆ ಅಂತ ಕೇಳೋ ಗಂಡಸು ನೊಟ್‌ಗೋಲ್‌ನಲ್ಲಿ ಹುಟ್ಟಿಲ್ಲ."

"ಆಮೇಲೆ ನೀನ್ಯಾಕೆ ಬಿಟ್ಟೆ?"

"ಇಬ್ಬರಿಂದ ಆಗಲ್ಲ ಸಾಹೇಬ್ರೆ. ಮೂರು ಸಮ್ಮಟಿಗೆ ಒಂದರ ಹಿಂದೆ ಒಂದು ಬಿದ್ರೆ ಮಾತ್ರ ಕಂಚು ಆರೋದ್ರೊಳಗೆ ಹರಡುತ್ತೆ. ಬೇರೆಯವರನ್ನ ನಿಲ್ಲಿಸಿ ನೋಡಿದ್ವಿ. ಜಾಗಟೆ ಮೇಲೆ ಜಾಗಟೆ ಸೀಳ್ಕೊಂಡು ಹೋಯ್ತು. ಕೊನೆಗೆ ಮೇಸ್ತ್ರಿ ದೇಗು ಪಟ್ಟಣದಿಂದ ಕರೆಂಟ್ ಸುತ್ತಿಗೆ ತರಿಸಿದ್ರು. ಯಂತ್ರದ ಪಕ್ಕ ನಿಂತ್ಕೊಂಡು ನಾನೇನು ಚಪ್ಪಾಳೆ ತಟ್ಟಲಾ?"

ಹೊರಡುವಾಗ ಅವನು ಕೇಳಿದ: "ಅಜ್ಜಿಗೆ ಹೇಳಿದ್ರಾ?"

"ಯಾವ ಅಜ್ಜಿ?"

"ಓಕ್ಬುನ್ ಅಜ್ಜಿ. ಕುಲುಮೆಗೆ ಅಡುಗೆ ಮಾಡೋರು. ಗಿಲ್ದೋನ ಅವ್ವ."

ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ ಅನಿಸುತ್ತದೆ.

* * *

ಕುಲುಮೆಯ ಹಿಂದೆ ಒಂದೇ ಕೋಣೆಯ ಮನೆ. ಓಕ್ಬುನ್ ಅಜ್ಜಿ ಮೂಲಂಗಿ ಹೆಚ್ಚುತ್ತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡು, ಅಡಿಯಲ್ಲಿ ಒಲೆಯ ಶಾಖ ಹಾಯುವ ಬೆಚ್ಚನೆಯ ನೆಲದ ಮೇಲೆ ಕೂರಿಸಿ, ಬಾರ್ಲಿ ಚಹಾ ಕೊಟ್ಟರು.

"ಬಾನಿ ಕೆಳಗೆ ಮೂಳೆ ಸಿಕ್ತಂತೆ," ಎಂದರು. "ಯಾವ ತಾಯಿ ಮಗನೋ ಪಾಪ."

ಕೋಣೆಯ ಮೂಲೆಯಲ್ಲಿ, ಒಲೆಯ ಶಾಖ ಬರುವ ಕಡೆ, ಒಂದು ದುಪ್ಪಟಿ ಹಾಸಿತ್ತು. ನಡುವೆ ಉಬ್ಬಿತ್ತು. ಅದೇನು ಎಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮಮ್ಮನೂ ನಾನು ಸೈನ್ಯದಲ್ಲಿದ್ದಾಗ ಹಾಗೇ ಮಾಡುತ್ತಿದ್ದಳು. ಊರಲ್ಲಿಲ್ಲದ ಮಗನ ಪಾಲಿನ ಅನ್ನವನ್ನು ಮುಚ್ಚಳದ ಕಂಚಿನ ಬಟ್ಟಲಿಗೆ ಹಾಕಿ ದುಪ್ಪಟಿಯಡಿ ಬೆಚ್ಚಗಿಡುತ್ತಾರೆ. ಬದುಕಿರುವವನಿಗೆ ಮಾತ್ರ ಹಾಗಿಡುತ್ತಾರೆ.

"ದಿನಾ ಇಡ್ತೀರಾ ಅಜ್ಜಿ?"

"ದಿನಾ. ಅವನು ಬರೋದು ಬೆಳಿಗ್ಗೆನೋ ಸಂಜೆನೋ ಯಾರಿಗ್ಗೊತ್ತು? ದಾರಿ ನಡೆದು ಬಂದೋನಿಗೆ ತಣ್ಣನ್ನ ಹಾಕಕ್ಕಾಗುತ್ತಾ?"

ಹೇಳಬೇಕು ಎಂದು ಬಾಯಿ ತೆರೆದೆ. ಆಗಲಿಲ್ಲ. ಪೊಲೀಸ್ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾದರೂ ಅವತ್ತು ನಾಲಿಗೆ ಏಳಲಿಲ್ಲ. ಬದಲಿಗೆ, "ಒಬ್ರೇ ಇರ್ತೀರಾ?" ಎಂದೆ.

"ಒಬ್ಬಳೇ ಯಾಕೆ? ನಮ್ಮ ತೇಸಿಕ್ ಇದಾನಲ್ಲ." ಅಜ್ಜಿಯ ಮುಖ ಅರಳಿತು. "ಹೆತ್ತ ಮಗ ಬಿಟ್ಟು ಹೋದ, ಹೆರದ ಮಗ ಕೈ ಹಿಡಿದ. ತಂದೆ ತಾಯಿ ಇಲ್ಲದ ಹುಡುಗ. ಗಿಲ್ದೋನೇ ಎಲ್ಲಿಂದಲೋ ಕರ್ಕೊಂಡು ಬಂದು ಸಮ್ಮಟಿಗೆ ಹಿಡಿಯೋದು ಕಲಿಸಿದ್ದು. ಅಣ್ಣ ಅಣ್ಣ ಅಂತ ಬಾಲ ಹಿಡ್ಕೊಂಡೇ ಓಡಾಡ್ತಿತ್ತು. ಈಗ ನಂಗೆ ಸೌದೆ ಒಡೆದು ಹಾಕ್ತಾನೆ, ಕಾಲು ಒತ್ತುತಾನೆ. ಗಿಲ್ದೋ ಹೋಗಿದ್ದು ಹಬ್ಬದ ಮಾರನೇ ದಿನ, ನಾನು ತವರಿಗೆ ಹೋಗಿದ್ದಾಗ; ಅಳ್ತಾ ಕೂರ್ತೀನಿ ಅಂತ ತೇಸಿಕ್ ಪ್ರತಿ ವರ್ಷ ಆ ದಿನ ನನ್ನನ್ನ ಬಿಟ್ಟು ಕದಲಲ್ಲ. ಅವ್ವ, ಹೊಸಕ್ಕಿದು ಒಂದು ಬಟ್ಟಲು ಅನ್ನ ಮಾಡ್ಕೊಡು, ಕುಲುಮೆ ಹಿರಿಯರಿಗೆ ಎಡೆ ಇಡ್ತೀನಿ ಅಂತಾನೆ. ನನ್ನ ಕೈಗೆ ಕೆಲಸ ಕೊಡಕ್ಕೆ ಹಾಗನ್ನೋದು, ನಂಗೊತ್ತಿಲ್ವಾ?"

"ಎಲ್ಲಿ ಇಡ್ತಾನೆ ಎಡೆ?"

"ಬಾನಿ ಅಂಚಲ್ಲಿ. ಬೆಳಿಗ್ಗೆ ನಾನೇ ಹೋಗಿ ತೊಳ್ಯೋದು. ಅನ್ನದ ನಡುವೆ ಚಮಚ ನೆಟ್ಟ ಗುಳಿ ಹಾಗೇ ಇರುತ್ತೆ. ಸತ್ತವರಿಗೆ ಬಿಡೋ ಹಾಗೆ ನೀರಲ್ಲಿ ಮೂರು ತುತ್ತು ಅನ್ನ ಬಿಟ್ಟಿರ್ತಾನೆ. ಯಾರು ಹೇಳಿಕೊಟ್ರೋ, ಅಷ್ಟು ಶಾಸ್ತ್ರವಾಗಿ ಮಾಡ್ತಾನೆ."

"ಒಂದೇ ಬಟ್ಟಲಾ?"

"ಒಂದೇ."

ಅಜ್ಜಿ ಇನ್ನೂ ಹೊಗಳುತ್ತಿದ್ದರು. ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಎಂಟು ವರ್ಷ ಈ ತಾಯಿ ಹಬ್ಬದ ಮಾರನೇ ದಿನ ಒಂದೇ ಮಡಕೆಯಿಂದ ಎರಡು ಬಟ್ಟಲು ತುಂಬಿದ್ದಳು. ಒಂದು ಬರುವ ಮಗನಿಗೆ, ಇನ್ನೊಂದು ಯಾರಿಗೋ. ಎರಡೂ ಒಬ್ಬನಿಗೇ ಎಂದು ಆಕೆಗೆ ಗೊತ್ತಿರಲಿಲ್ಲ.

* * *

ಗುಕ್‌ನನ್ನು ಜೀಪಿನಲ್ಲಿ ಕರೆಸಿದೆ. ಕುಲುಮೆಯ ಕಿಟಕಿಗಳ ಕಪ್ಪು ಬಟ್ಟೆ ತೆಗೆಸಿದೆ. ಬಿಸಿಲು ಬಿದ್ದಾಗ ಆ ಜಾಗ ಬಡವಾಗಿ ಕಂಡಿತು: ಮಸಿ, ಬೂದಿ, ಮೂಲೆಯಲ್ಲಿ ಎಣ್ಣೆ ಕುಡಿದ ಕರೆಂಟ್ ಸುತ್ತಿಗೆ. ಫೋಟೋಕ್ಕೆಂದು ತಂದ ಮೂರು ಸಮ್ಮಟಿಗೆಗಳು ಗೋಡೆಗೆ ಒರಗಿದ್ದವು. ಗುಂಡಿಯ ಮೇಲೆ ಬಿಳಿ ಬಟ್ಟೆ ಹಾಸಿತ್ತು.

"ಮೇಸ್ತ್ರಿ," ಎಂದೆ, "ನೀವು ಬಾನಿ ಸರಿಸಿದ್ದು ಯಾಕೆ?"

"ಯಾಕೆ ಅಂದ್ರೆ... ಜಾಗ ಸಾಲ್ದೆ."

"ಯಂತ್ರ ಬಂದಿದ್ದು ಎಷ್ಟೋ ತಿಂಗಳು ಬಿಟ್ಟು. ಅದು ಬರೋಕೆ ಮೊದಲೇ ಜಾಗ ಯಾಕೆ ಸಾಲ್ಲಿಲ್ಲ? ತಲೆಮಾರುಗಳಿಂದ ಚಿತ್ರದಲ್ಲಿರೋ ಹಾಗೇ ಇದ್ದ ಬಾನಿ ಅದು. ನಿಜ ಹೇಳಿ. ಜೈಲಿಗೆ ಹೋಗೋ ಮಾತಿದು."

ಮುದುಕ ಚಿತ್ರದ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ನಾನಲ್ಲ ಸರಿಸಿದ್ದು. ಹಬ್ಬದ ಎಡೆ ಮುಗಿಸಿ ನೆಂಟರ ಊರಿಗೆ ಹೋಗಿದ್ದೆ, ವಾಪಸ್ ಬಂದಾಗ ಗೋಡೆ ಹತ್ರ ಇತ್ತು. ನನ್ನ ಕುಲುಮೇಲಿ ನನ್ನನ್ನೇ ಕೇಳ್ದೆ ಬಾನಿ ಸರಿಸಿದ್ರು ಅಂತ ಹೆಂಗೆ ಹೇಳ್ಕೊಳ್ಳಲಿ? ಗುಕ್ ಊರಿಗೆ ಹೊರಡೋಕೆ ಮುಂಚೆ ಸರಿಸಿದ ಅಂತ ಗೊತ್ತಾಯ್ತು. ಹಿಮ್ಮಡಿಗೆ ತಾಗುತ್ತೆ ಅಂತ ಅವನು ಮೊದಲಿಂದ ಗೊಣಗ್ತಿದ್ದ. ಬಾಯಿ ಮುಚ್ಕೊಂಡೆ."

"ನಾನಾ?" ಗುಕ್ ಎದ್ದೇ ಬಿಟ್ಟ. "ನೀವೇ ಸರಿಸಿದ್ರಿ ಅಂತಲ್ವಾ ನಂಗೆ ಹೇಳಿದ್ದು!"

"ಯಾರು ಹೇಳಿದ್ದು?" ಎಂದು ಇಬ್ಬರನ್ನೂ ಕೇಳಿದೆ.

ಇಬ್ಬರೂ ಒಟ್ಟಿಗೆ ತಿರುಗಿದರು. ತೇಸಿಕ್ ತಿದಿಯ ಪಕ್ಕ ನಿಂತಿದ್ದ.

ನಾನು ಹೇಳತೊಡಗಿದೆ. ಆದಷ್ಟು ಬೇಗ ಮುಗಿಸಬೇಕಿತ್ತು.

"ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಿದ್ರು. ಹೋಗೋಕೆ ಊರಿಲ್ಲದೆ ಗಿಲ್ದೋ ಜತೆ ಇಲ್ಲೇ ಉಳಿದವನು ನೀನೊಬ್ಬನೇ. ಬಾನಿ ನೀರು ಖಾಲಿ ಮಾಡಿ, ಕೆಳಗೆ ದುಂಡು ಮರ ಕೊಟ್ಟು ಹಾರೆ ಹಾಕಿದ್ರೆ ಒಬ್ಬನೇ ಸರಿಸಬಹುದು. ಬೇಕಾದಷ್ಟು ಸಮಯ ಇತ್ತು. ಕೊಂದವನು ಬರೀ ಹೂತು ಹೋಗ್ಬಹುದಿತ್ತು. ಇವನು ಏಳು ಕಡೆ ಕಟ್ಟಿದಾನೆ, ಸಮ್ಮಟಿಗೇನ ಕೈ ಹತ್ರ ಇಟ್ಟಿದಾನೆ. ಸತ್ತವನ ಮೇಲೆ ಪ್ರೀತಿ ಇದ್ದವನ ಕೆಲಸ ಅದು. ಆಗಲೇ ಗುಕ್ ಅಲ್ಲ ಅನ್ನಿಸ್ತು ನಂಗೆ."

ಗುಕ್ ತಲೆ ತಗ್ಗಿಸಿದ.

"ಆಮೇಲೆ ಎಡೆ. ಮೇಸ್ತ್ರಿ, ಕುಲುಮೆ ಹಿರಿಯರಿಗೆ ಎಡೆ ಯಾವತ್ತು?"

"ಹಬ್ಬದ ದಿನ ಬೆಳಿಗ್ಗೆ. ಗುಡ್ಡದ ಮೇಲೆ, ಅವರ ಗೋರಿ ಹತ್ರ. ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು."

"ಹಬ್ಬದ ದಿನ ಎಲ್ಲ ಹಿರಿಯರ ಹೊಟ್ಟೆನೂ ತುಂಬಿರುತ್ತೆ. ಮಾರನೇ ದಿನ, ಗೋರಿ ಹತ್ರ ಅಲ್ಲದೆ ಬಾನಿ ಹತ್ರ, ಒಂದೇ ಒಂದು ಬಟ್ಟಲು ಅನ್ನ. ಹಸ್ಕೊಂಡು ಕೂತಿದ್ದವನು ಯಾರು ತೇಸಿಕ್? ಅವನು ಅಲ್ಲಿದಾನೆ ಅಂತ, ಅವತ್ತೇ ಸತ್ತ ಅಂತ, ಹೂತವನನ್ನ ಬಿಟ್ಟು ಇನ್ಯಾರಿಗೆ ಗೊತ್ತಿರುತ್ತೆ? ಮದುವೆ ಇಲ್ಲ, ಮಕ್ಕಳಿಲ್ಲ. ಅವನಿಗೆ ಎಡೆ ಇಡೋರು ಯಾರೂ ಇಲ್ಲ ಅಂತ ನೀನೇ ಇಟ್ಟೆ. ಇಡದೆ ಇದ್ದಿದ್ರೆ ನಿನ್ನನ್ನ ಹಿಡಿಯೋಕೆ ನಂಗೆ ಏನೂ ಸಿಗ್ತಿರಲಿಲ್ಲ."

ತೇಸಿಕ್ ಬೂದಿಯ ಮೇಲೆ ಕೂತ.

"ಅಣ್ಣ ದೇಗುಗೆ ಹೊರಟಿದ್ದ," ಎಂದ. "ಕರೆಂಟ್ ಸುತ್ತಿಗೆ ನೋಡ್ಕೊಂಡು ಬರಕ್ಕೆ. ಒಂದು ಯಂತ್ರ ಬಂದ್ರೆ ಮೂರು ಜನರ ಕೆಲಸ ಮುಗೀತು ಕಣೋ, ಇನ್ನು ನಿನ್ನ ಭುಜ ನೋಯಲ್ಲ ಅಂದ. ನಗ್ತಾ ಅಂದ. ನಂಗೆ ಬೇರೆ ಏನೂ ಇರ್ಲಿಲ್ಲ ಸಾಹೇಬ್ರೆ. ನನ್ನ ಸಮ್ಮಟಿಗೆ ಬೀಳೋದು, ಅದರ ಹಿಂದೆ ಅಣ್ಣನದು ಬೀಳೋದು. ಅಷ್ಟೇ ನನ್ನ ಮನೆ. ನೀನು ಬೇಡ ಅಂದ ಹಾಗೆ ಕೇಳಿಸ್ತು. ಹೋಗ್ಬೇಡ ಅಂತ ಎಳೆದೆ. ಹುಚ್ಚು ನೀನು ಅಂತ ಕೈ ಬಿಡಿಸ್ಕೊಂಡು ಬಾಗಿಲ ಕಡೆ ತಿರುಗಿದ. ನನ್ನ ಕೈಲಿ ಸಮ್ಮಟಿಗೆ ಇತ್ತು."

ಅವನು ಮೂಲೆಯ ಯಂತ್ರವನ್ನು ನೋಡಿದ. ನಾನೂ ನೋಡಿದೆ. ಮೂರು ಸಮ್ಮಟಿಗೆಗಳನ್ನು ಉಳಿಸಿಕೊಳ್ಳಲು ಒಬ್ಬನನ್ನು ಕೊಂದಿದ್ದ. ಆ ಒಬ್ಬನಿಲ್ಲದೆ ಮೂರೂ ನಿಂತವು, ಯಂತ್ರ ಬಂತು. ಅಂದಿನಿಂದ ಅದನ್ನು ನಡೆಸಿದವನೂ ಅವನೇ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಅವ್ವಂಗೆ ಯಾಕೋ ಹೇಳ್ಲಿಲ್ಲ?" ಗುಕ್ ಕೂಗಿದ. "ಹಾಳಾದವನೇ, ಅವಳು ದಿನಾ ಅನ್ನ ಇಟ್ಕೊಂಡು ಕಾಯೋದನ್ನ ನೋಡ್ತಾ ಇದ್ದೆಯಲ್ಲೋ!"

"ಹೇಳಿದ್ರೆ ಅನ್ನ ಇಡೋದು ಬಿಟ್ಟುಬಿಡ್ತಾಳಲ್ಲ," ಎಂದ ತೇಸಿಕ್. "ಕಾಯೋದಕ್ಕೋಸ್ಕರ ಅವಳು ಬದುಕಿದ್ದಳು."

ಆಗ ಬಾಗಿಲ ಹತ್ತಿರ ಯಾರೋ ಉಸಿರೆಳೆದುಕೊಂಡರು. ಓಕ್ಬುನ್ ಅಜ್ಜಿ ನಿಂತಿದ್ದರು. ಯಾವಾಗ ಬಂದಿದ್ದರೋ. ಕೈಗೆ ಮೂಲಂಗಿಯ ಚೂರು ಅಂಟಿಕೊಂಡಿತ್ತು.

* * *

ಆಕೆ ಕಿರುಚುತ್ತಾರೆ, ಅವನ ಮೇಲೆ ಬೀಳುತ್ತಾರೆ ಎಂದು ನಾನು ಮುಂದೆ ಹೋಗಿ ನಿಂತೆ. ಆಕೆ ನನ್ನನ್ನು ಬಳಸಿಕೊಂಡು ಗುಂಡಿಯ ಹತ್ತಿರ ಹೋದರು. ಬಟ್ಟೆ ಎತ್ತಿದರು. ಮೂಳೆಯ ಕಾಲನ್ನು, ಪಾದದ ಹತ್ತಿರ, ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಎಷ್ಟು ತಣ್ಣಗಿದೆ," ಎಂದರು. "ನಾನು ನಿತ್ಯ ಇದೇ ಬಾನಿಯಿಂದ ನೀರು ಚೆಲ್ಲಿ ಗುಡಿಸ್ತಿದ್ದೆ. ಇವನ ಮೇಲೇ ಚೆಲ್ತಿದ್ದೆ."

ಮೇಸ್ತ್ರಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ನಾನು ತೇಸಿಕ್‌ನ ಕೈಗೆ ಬೇಡಿ ಹಾಕಿದೆ.

"ಸಾಹೇಬ್ರೆ," ಎಂದರು ಅಜ್ಜಿ, ತಿರುಗಿ ನೋಡದೆ. "ಸ್ವಲ್ಪ ಹೊತ್ತು ಬಿಡಿ ಅವನನ್ನ."

ನಿಯಮದ ಪ್ರಕಾರ ಬಿಡಬಾರದು. ಬೇಡಿ ಬಿಚ್ಚದೆ ತೋಳು ಮಾತ್ರ ಬಿಟ್ಟೆ.

"ತೇಸಿಕ್, ಇಲ್ಲಿ ಬಾ."

ಅವನು ಬಂದ. ಅಜ್ಜಿ ಎದ್ದು ಪಕ್ಕಕ್ಕೆ ನಿಂತರು.

"ನಾನು ಹೆತ್ತೋಳು. ಮಗನಿಗೆ ತಾಯಿ ಅಡ್ಡಬೀಳೋ ಹಾಗಿಲ್ಲ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಇವನಿಗಿಂತ ಚಿಕ್ಕವನು, ತಮ್ಮ ಅಂತ ಅನ್ನಿಸ್ಕೊಂಡೋನು ಈ ಭೂಮಿ ಮೇಲೆ ನೀನೊಬ್ಬ. ಅಡ್ಡಬೀಳು. ನಾನು ನೋಡ್ಬೇಕು."

ಸತ್ತವರಿಗೆ ನಾವು ಎರಡು ಸಲ ಅಡ್ಡಬೀಳುತ್ತೇವೆ, ಬದುಕಿರುವವರಿಗೆ ಒಂದು ಸಲ. ತೇಸಿಕ್ ಬೇಡಿ ಹಾಕಿದ ಕೈಗಳನ್ನು ಬೂದಿಯ ಮೇಲೆ ಊರಿ ಹಣೆ ನೆಲಕ್ಕೆ ಮುಟ್ಟಿಸಿದ. ಎದ್ದ. ಇನ್ನೊಂದು ಸಲ ಬಿದ್ದ. ಈ ಸಲ ಏಳಲು ಬಹಳ ಹೊತ್ತು ಹಿಡಿಯಿತು. ಅಜ್ಜಿ ಕಣ್ಣು ಮಿಟುಕಿಸದೆ ಪೂರ್ತಿ ನೋಡಿದರು.

ಆಮೇಲೆ ಅವನು ಮಂಡಿಯ ಮೇಲೇ ಆಕೆಯ ಕಡೆ ತಿರುಗಿದ.

"ಅವ್ವ," ಎಂದ. ತಲೆ ಬಗ್ಗಿಸಿ ಆಕೆಯ ಕಾಲಿಗೆ ಬಿದ್ದ.

ಅಜ್ಜಿ ಪಕ್ಕಕ್ಕೆ ಸರಿದರು. ಅವನ ಒಂದೇ ಒಂದು ನಮಸ್ಕಾರ ಖಾಲಿ ನೆಲಕ್ಕೆ ಬಿತ್ತು. ಆಕೆ ಅವನನ್ನು ದಾಟಿಕೊಂಡು ಬಾಗಿಲ ಹೊರಗೆ ಹೋದರು, ತಿರುಗಿ ನೋಡಲಿಲ್ಲ. ಅವನು ಹಾಗೇ ಬಿದ್ದುಕೊಂಡಿದ್ದ. ಗುಕ್ ಮತ್ತು ನಾನು ಇಬ್ಬರೂ ಸೇರಿ ಅವನನ್ನು ಎಬ್ಬಿಸಬೇಕಾಯಿತು.